ಮಾತು ಬಂದಾಗ ಮುಚ್ಚಿದ ಬಾಗಿಲು

ಮೂಕಿಚಿತ್ರಗಳ ಕಾಲವನ್ನು ನಾವು ಕೊರತೆಯ ಕಾಲವೆಂದೇ ನೆನೆಯುತ್ತೇವೆ. ಕಿವಿ ಕೇಳದವರ ಪಾಲಿಗೆ ಮಾತ್ರ ಅದು ಸಮಾನತೆಯ ಕಾಲವಾಗಿತ್ತು. 1913ರಲ್ಲಿ ಮುಂಬಯಿಯಲ್ಲಿ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ತೆರೆಕಂಡಾಗ, ದೃಶ್ಯಗಳ ನಡುವೆ ಮೂಡುತ್ತಿದ್ದ ಬರಹದ ಫಲಕಗಳನ್ನು ಎಲ್ಲರೂ ಓದಿಯೇ ಕಥೆ ತಿಳಿಯಬೇಕಿತ್ತು. ಓದು ಬಾರದವರಿಗಾಗಿ ಹಲವೆಡೆ ಯಾರಾದರೊಬ್ಬರು ಅವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಆ ದನಿಯಿಂದ ಅಂಧರಿಗೂ ಅಷ್ಟಿಷ್ಟು ಕಥೆ ದಕ್ಕಿರಬೇಕೆಂಬುದು ನಮ್ಮ ಊಹೆ.

1927ರಲ್ಲಿ ಅಮೆರಿಕದ ‘ದಿ ಜಾಝ್ ಸಿಂಗರ್’, 1931ರಲ್ಲಿ ‘ಆಲಂ ಆರಾ’, 1934ರಲ್ಲಿ ಕನ್ನಡದ ‘ಸತಿ ಸುಲೋಚನಾ’ ಬಂದವು. ಕನ್ನಡದ ಈ ಮೊದಲ ವಾಕ್ಚಿತ್ರ ತಯಾರಾದದ್ದು ಕೊಲ್ಹಾಪುರದಲ್ಲಿ ಎಂಬುದು ಹೊರನಾಡಿಗರಾದ ನಮಗೆ ಹೇಳಿಕೊಳ್ಳಲು ಇಷ್ಟವಾದ ಸಂಗತಿ. ಆದರೆ ಮಾತು ಬಂದೊಡನೆ ಫಲಕಗಳು ಮರೆಯಾದವು. ಅಂಧರಿಗೆ ಅರ್ಧ ತೆರೆದ ಬಾಗಿಲು ಕಿವುಡರಿಗೆ ಪೂರ್ತಿ ಮುಚ್ಚಿತು.

ಹೀಗೆ ಹೊರಗುಳಿದವರಲ್ಲಿ ನಟನೂ ಒಬ್ಬನಿದ್ದ. ಕ್ಯೂಬಾದಲ್ಲಿ ಹುಟ್ಟಿದ, ಕಿವಿ ಕೇಳದ ಎಮರ್ಸನ್ ರೊಮೆರೊ ‘ಟಾಮಿ ಆಲ್ಬರ್ಟ್’ ಎಂಬ ಹೆಸರಿನಲ್ಲಿ ಮೂಕಿ ಹಾಸ್ಯಚಿತ್ರಗಳಲ್ಲಿ ಅಭಿನಯಿಸುತ್ತಿದ್ದ. ವಾಕ್ಚಿತ್ರ ಬಂದ ಮೇಲೆ ಆತನ ವೃತ್ತಿಯೂ ಹೋಯಿತು, ಪ್ರೇಕ್ಷಕನಾಗಿ ಆತನಿಗಿದ್ದ ಸುಖವೂ ಹೋಯಿತು. 1947ರಲ್ಲಿ ಆತ ವಾಕ್ಚಿತ್ರಗಳ ರೀಲುಗಳನ್ನು ಕತ್ತರಿಸಿ, ನಡುನಡುವೆ ಬರಹದ ಫಲಕಗಳನ್ನು ಅಂಟಿಸಿ, ಕಿವುಡರ ಸಂಘಗಳಿಗೆ ಒದಗಿಸಿದ. ವಿಧಾನ ಒರಟು, ಪ್ರತಿ ಫಲಕಕ್ಕೂ ಚಿತ್ರ ತಡೆದು ನಿಲ್ಲುತ್ತಿತ್ತು. ಆದರೂ ದಾರಿ ತೋರಿತು. 1958ರಲ್ಲಿ ಅಮೆರಿಕ ಸರ್ಕಾರವೇ ಇಂಥ ಬರಹಸಹಿತ ಚಿತ್ರಗಳನ್ನು ಕಿವುಡರಿಗೆ ಒದಗಿಸಲು ಕಾಯ್ದೆ ಮಾಡಿತು.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬರಹವನ್ನೂ ದೃಶ್ಯದ ಧ್ವನಿವಿವರಣೆಯನ್ನೂ ಹೆಸರಿಸಿತು. ಕಡತಗಳ ನಡುವೆ ಬದುಕುವ ನಮಗೆ ಗೊತ್ತು, ಕಾಯ್ದೆಯ ಕಲಮು ತಾನಾಗಿ ತೆರೆಗೆ ಇಳಿಯುವುದಿಲ್ಲ. 2023ರ ಜನವರಿಯಲ್ಲಿ ‘ಪಠಾಣ್’ ಬಿಡುಗಡೆಗೆ ಮುನ್ನ ದೃಷ್ಟಿ ಮತ್ತು ಶ್ರವಣ ದೋಷವುಳ್ಳವರ ಅರ್ಜಿ ದೆಹಲಿ ಹೈಕೋರ್ಟಿಗೆ ಹೋಯಿತು. ಒಟಿಟಿ ಆವೃತ್ತಿಗಾದರೂ ಧ್ವನಿವಿವರಣೆ ಬೇಕು, ಹಿಂದಿ ಚಿತ್ರಕ್ಕೆ ಹಿಂದಿಯಲ್ಲೇ ಬರಹ ಬೇಕು ಎಂದಿತು ನ್ಯಾಯಾಲಯ. 2024ರ ಮಾರ್ಚಿನಲ್ಲಿ ಚಿತ್ರಮಂದಿರಗಳಿಗೂ ಕೇಂದ್ರದ ಮಾರ್ಗಸೂಚಿ ಬಂತು.

ಹಿಂದಿಗೆ ಹಿಂದಿಯ ಬರಹವೇಕೆ ಎಂದು ಕೇಳುವವರಿದ್ದಾರೆ. ಕಳೆದ ಚಳಿಗಾಲದಲ್ಲಿ ದೆಹಲಿಯಲ್ಲಿ ನಾವು ಕೆಲವರು ಕೂಡಿ ಒಂದು ಕನ್ನಡ ಚಿತ್ರ ನೋಡಿದೆವು. ಅಡಿಯಲ್ಲಿ ಇಂಗ್ಲಿಷ್ ಬರಹವಿತ್ತು. ಇಲ್ಲೇ ಬೆಳೆದ ನಮ್ಮ ಮಕ್ಕಳು ಅದನ್ನೋದಿ ನಕ್ಕರು. ಕಿವಿ ಮಂದವಾದ, ಕನ್ನಡವನ್ನಷ್ಟೇ ಓದಬಲ್ಲ ಹಿರಿಯರೊಬ್ಬರು ‘ಏನಂದನಮ್ಮಾ?’ ಎಂದು ಮೊಮ್ಮಗಳನ್ನು ಕೇಳುತ್ತಲೇ ಇದ್ದರು. ಆಕೆ ಇಂಗ್ಲಿಷಿನಲ್ಲಿ ಓದಿಕೊಂಡು, ತನಗೆ ಬರುವಷ್ಟು ಕನ್ನಡದಲ್ಲಿ, ಅಜ್ಜನ ಕಿವಿಯ ಬಳಿ ಕೂಗಿ ಹೇಳುತ್ತಿದ್ದಳು.