ಇಂಗ್ಲಿಷ್ ಪ್ರಾಧ್ಯಾಪಕ, ಕನ್ನಡ ಕಾದಂಬರಿಕಾರ

ಮನೆಯಲ್ಲಿ ಒಂದು ಭಾಷೆ, ಕಾಲೇಜಿನಲ್ಲಿ ಇನ್ನೊಂದು. ನಿಮ್ಮಲ್ಲಿ ಹಲವರ ಪಾಡು ಇದೇ. ಇದನ್ನು ಕೊರತೆಯೆಂದು ಭಾವಿಸುವವರು ಡಾ. ಯು.ಆರ್. ಅನಂತಮೂರ್ತಿಯವರ (1932–2014) ಬದುಕನ್ನು ಒಮ್ಮೆ ಗಮನಿಸಬೇಕು.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಅವರ ಓದು ಆರಂಭವಾದದ್ದು ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಅಧ್ಯಾಪಕರಾದರು. ಮುಂದೆ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯ ಸೇರಿದರು.

ಅಲ್ಲಿ ಅವರ ಗುರು ಮಾಲ್ಕಮ್ ಬ್ರಾಡ್‌ಬರಿ. ಅವರೂ ಪ್ರಾಧ್ಯಾಪಕ, ಕಾದಂಬರಿಕಾರ. ಒಮ್ಮೆ ಇಬ್ಬರೂ ಬರ್ಗ್‌ಮನ್ನರ 'ದಿ ಸೆವೆಂತ್ ಸೀಲ್' ಎಂಬ ಸ್ವೀಡಿಷ್ ಚಿತ್ರ ನೋಡಿದರು. ಪ್ಲೇಗು ಹಬ್ಬಿದ ಮಧ್ಯಯುಗದ ಕಥೆ ಅದು. ಯುರೋಪಿನವರು ಪುಸ್ತಕದಿಂದ ತಿಳಿಯಬೇಕಾದ ಮಧ್ಯಯುಗ ನಮ್ಮೂರಿನಲ್ಲಿ ಇನ್ನೂ ಜೀವಂತವಾಗಿದೆ ಎಂದರು ಶಿಷ್ಯರು. ಹಾಗಾದರೆ ಅದನ್ನೇ ಬರೆಯಿರಿ ಎಂದರು ಗುರು. ಹೀಗೆ, ಇಂಗ್ಲಿಷ್ ಸಾಹಿತ್ಯದ ಪ್ರಬಂಧ ಬರೆಯಲು ಹೋದವರು ಪ್ಲೇಗುಬಡಿದ ಅಗ್ರಹಾರದ ಕಥೆಯನ್ನು ಕನ್ನಡದಲ್ಲಿ ಬರೆದರು. 'ಸಂಸ್ಕಾರ' 1965ರಲ್ಲಿ ಪ್ರಕಟವಾಯಿತು, ಪಿಎಚ್.ಡಿ. ಬಂದದ್ದು 1966ರಲ್ಲಿ! ಕಾದಂಬರಿಯನ್ನು ಇಂಗ್ಲಿಷಿಗೆ ತಂದವರು ಎ.ಕೆ. ರಾಮಾನುಜನ್ (1976).

ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುತ್ತಲೇ 'ಭಾರತೀಪುರ', 'ಅವಸ್ಥೆ' ಬರೆದರು. 1987ರಲ್ಲಿ ಕೊಟ್ಟಾಯಂ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. 1994ರಲ್ಲಿ ಜ್ಞಾನಪೀಠ ಸಂದಿತು.

ಬಡವರ ಮಕ್ಕಳೂ ಶ್ರೀಮಂತರ ಮಕ್ಕಳೂ ಒಂದೇ ಶಾಲೆಯಲ್ಲಿ, ತಾಯ್ನುಡಿಯಲ್ಲಿ ಕಲಿಯಬೇಕೆಂಬುದು ಅವರ ವಾದ. ಇಂಗ್ಲಿಷ್ ಬಲ್ಲವರು ಹೀಗೆ ಹೇಳುವುದು ಸುಲಭವಲ್ಲವೇ ಎಂದು ನಮ್ಮ ಸಿದ್ದಾಪುರದಲ್ಲಿ ಕಷ್ಟಪಟ್ಟು ಫೀಸು ಹೊಂದಿಸುವ ತಂದೆ ಕೇಳಬಹುದು. ಆ ಪ್ರಶ್ನೆಯೂ ನ್ಯಾಯವಾದದ್ದೇ.