ಗಟ್ಟಿ ದನಿಗೊಂದು ಕೋಣೆ: ಬೆಂಗಳೂರಿನ ಮೆಟಲ್ ರಾತ್ರಿಗಳು

ಬೆಂಗಳೂರಿನ ಬಾರೊಂದರಲ್ಲಿ ಮೆಟಲ್ ಗಿಗ್ ಇದೆ ಎಂದರೆ ಕೆಲಸ ಶುರುವಾಗುವುದು ಮಧ್ಯಾಹ್ನಕ್ಕೇ. ಡ್ರಮ್ ಸೆಟ್ಟು, ಆಂಪ್ಲಿಫೈಯರುಗಳು ಸಾಮಾನ್ಯವಾಗಿ ಎಲ್ಲ ಬ್ಯಾಂಡುಗಳಿಗೂ ಒಂದೇ. ಸಿಂಬಲ್, ಸ್ನೇರ್, ಡಬಲ್ ಪೆಡಲ್ ಮಾತ್ರ ಆಯಾ ಡ್ರಮ್ಮರ್ ತಾನೇ ಹೊತ್ತು ತರಬೇಕು. ರಾತ್ರಿ ಕಡೆಗೆ ನುಡಿಸುವವರ ಸೌಂಡ್‌ಚೆಕ್ ಮೊದಲು, ಮೊದಲು ನುಡಿಸುವವರದು ಕಡೆಗೆ. ಹಾಗಾದರೆ ಆರಂಭದ ಬ್ಯಾಂಡಿಗೆ ವೇದಿಕೆ ಇದ್ದ ಹಾಗೇ ಸಿದ್ಧವಾಗಿ ಸಿಗುತ್ತದೆ. ಒಬ್ಬೊಬ್ಬರಿಗೆ ಅರ್ಧದಿಂದ ಮುಕ್ಕಾಲು ಗಂಟೆ. ಕಪ್ಪು ಟೀ ಶರ್ಟಿನ ಹುಡುಗ ಹುಡುಗಿಯರು ಬಾಗಿಲಲ್ಲಿ ದುಡ್ಡು ಕೊಟ್ಟು, ಕೈಗೆ ಮುದ್ರೆ ಹಾಕಿಸಿಕೊಂಡು ಒಳಗೆ ಬರುತ್ತಾರೆ. ಅವರಲ್ಲಿ ಅನೇಕರು ಇನ್ನೊಂದು ಬ್ಯಾಂಡಿನವರು. ಇವತ್ತು ಕೇಳುವವನು ಮುಂದಿನ ತಿಂಗಳು ನುಡಿಸುವವನು.

ಹೆವಿ ಮೆಟಲ್ ಹುಟ್ಟಿದ್ದೂ ಇಂಥ ಕೋಣೆಗಳಲ್ಲೇ. 1968ರಲ್ಲಿ ಬರ್ಮಿಂಗ್‌ಹ್ಯಾಮಿನ ‘ದಿ ಕ್ರೌನ್’ ಪಬ್ಬಿನ ಮಹಡಿಯ ಮೇಲೆ ನುಡಿಸುತ್ತಿದ್ದ ‘ಅರ್ಥ್’ ಎಂಬ ತಂಡವೇ ಮುಂದೆ ಬ್ಲ್ಯಾಕ್ ಸಬ್ಬತ್ ಆಯಿತು. ಅದರ ಗಿಟಾರ್ ವಾದಕ ಟೋನಿ ಅಯೋಮಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡಿದ್ದ. ಎಡಗೈಯಲ್ಲಿ ಮೀಟುವವನಿಗೆ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಟೊಪ್ಪಿಗೆಗಳನ್ನು ತಾನೇ ಮಾಡಿಕೊಂಡು ಬೆರಳಿಗೆ ತೊಡಿಸಿದ, ತೆಳು ತಂತಿ ಹಾಕಿದ, ಬರಬರುತ್ತಾ ಶ್ರುತಿಯನ್ನೇ ಇಳಿಸಿದ. ಇವತ್ತಿಗೂ ಮೆಟಲ್ಲಿಗೆ ಇರುವ ಆ ಭಾರ, ಆ ಮಂದ್ರ, ಒಬ್ಬ ಕಾರ್ಮಿಕನ ಗಾಯದಿಂದ ಬಂದದ್ದು. ಐರನ್ ಮೇಡನ್ ಕೂಡ 1976ರಲ್ಲಿ ಪೂರ್ವ ಲಂಡನ್ನಿನ ‘ಕಾರ್ಟ್ ಅಂಡ್ ಹಾರ್ಸಸ್’ ಪಬ್ಬಿನ ಪುಟ್ಟ ವೇದಿಕೆಯಲ್ಲಿ ಕೈ ಪಳಗಿಸಿಕೊಂಡ ತಂಡ.

ಬೆಂಗಳೂರಿಗೆ ಪಬ್ಬುಗಳು ಬಂದದ್ದು 1980ರ ದಶಕದಲ್ಲಿ. ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ತೆರೆದದ್ದು 1989ರಲ್ಲಿ. ಡ್ರಾಟ್ ಬಿಯರು, ಚಿಲ್ಲಿ ಬೀಫು, ಗೋಡೆ ತುಂಬ ರಾಕ್ ಕಲಾವಿದರ ಚಿತ್ರ, ಕಿವಿ ತುಂಬ ಹಳೆಯ ರಾಕ್. ಕಾಲೇಜು ಹುಡುಗರಿಗೆ ಅದೊಂದು ಕೇಳ್ಮೆಯ ಶಾಲೆ. ಆದರೆ ಅಲ್ಲಿ ಕೇಳಬಹುದಿತ್ತು, ನುಡಿಸಲು ಜಾಗವಿರಲಿಲ್ಲ. ದಂಡು ಪ್ರದೇಶದಲ್ಲಿ ಪಾಶ್ಚಾತ್ಯ ಸಂಗೀತ ಹಳತೇ, 1970ರ ದಶಕದಲ್ಲಿ ಹ್ಯೂಮನ್ ಬಾಂಡೇಜ್‌ನಂಥ ರಾಕ್ ತಂಡವೂ ಇತ್ತು. ಆದರೆ ಮೆಟಲ್ಲಿನ ಬಿರುಸನ್ನು ಸಹಿಸುವ ಕೋಣೆ ಬೇರೆಯೇ ಬೇಕಿತ್ತು. 1988ರಲ್ಲಿ ಹುಟ್ಟಿದ ಮಿಲೇನಿಯಂ, ದೇಶದ ಮೊದಲ ಹೆವಿ ಮೆಟಲ್ ತಂಡಗಳಲ್ಲಿ ಒಂದು. 1990ರ ದಶಕದ ಆರಂಭದಲ್ಲಿ ಡೈಯಿಂಗ್ ಎಂಬ್ರೇಸ್ ಇನ್ನೂ ನಿಧಾನದ, ಇನ್ನೂ ಕತ್ತಲೆಯ ಡೂಮ್ ಮತ್ತು ಡೆತ್ ಮೆಟಲ್ ಕಡೆಗೆ ಹೊರಟಿತು. ಇಂಟರ್‌ನೆಟ್ ಇಲ್ಲದ ಆ ಕಾಲದಲ್ಲಿ ಒಬ್ಬರ ಬಳಿ ಒಂದು ಕ್ಯಾಸೆಟ್ ಬಂದರೆ ಅದು ಕೈಯಿಂದ ಕೈಗೆ ಪ್ರತಿಯಾಗುತ್ತ ಊರು ಸುತ್ತುತ್ತಿತ್ತು.

ವೇದಿಕೆ ಸಿಗುತ್ತಿದ್ದುದು ಹೆಚ್ಚಾಗಿ ಕಾಲೇಜು ಹಬ್ಬಗಳಲ್ಲಿ. ನ್ಯಾಷನಲ್ ಲಾ ಸ್ಕೂಲಿನ ‘ಸ್ಟ್ರಾಬೆರಿ ಫೀಲ್ಡ್ಸ್’ ಸ್ಪರ್ಧೆಯಲ್ಲಿ ಗೆಲ್ಲುವುದು ಎಂದರೆ ದೊಡ್ಡ ಮಾತು. 1996ರಲ್ಲಿ ಗೋಪಾಲ್ ನವಲೆ ‘ಫ್ರೀಡಂ ಜ್ಯಾಮ್’ ಎಂಬ ಸಂಗೀತೋತ್ಸವ ಆರಂಭಿಸಿದರು: ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ, ಟಿಕೆಟ್ಟಿಲ್ಲದೆ. ಊರಿನ ಸಂಗೀತಕ್ಕೆ ಯಾವ ದೊಡ್ಡ ಪ್ರಾಯೋಜಕನೂ ಮಾಡದಷ್ಟು ಉಪಕಾರವನ್ನು ಆ ಉಚಿತ ವೇದಿಕೆ ಮಾಡಿತು ಎನ್ನಲೇಬೇಕು. ಆದರೂ ಹಾದಿ ಸುಲಭವಿರಲಿಲ್ಲ: 1998ರಲ್ಲಿ ನೋಲನ್ ಲೂಯಿಸ್ ಮತ್ತು ಗೆಳೆಯರು ಕಟ್ಟಿದ ಮೆಟಲ್ ತಂಡ ಕ್ರಿಪ್ಟೋಸ್ ತನ್ನ ಮೊದಲ ಆಲ್ಬಂ ತರಲು 2004ರ ತನಕ ಕಾಯಬೇಕಾಯಿತು.

ಅಷ್ಟರಲ್ಲಿ ಕಾನೂನು ಬಂತು. ಪೊಲೀಸ್ ಕಾಯ್ದೆಯಡಿ 2005ರಲ್ಲಿ ಹೊರಟ ಆದೇಶವೊಂದು ಬೆಂಗಳೂರಿನ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೋಥೆಕ್‌ಗಳಿಗೆಲ್ಲ ಪರವಾನಗಿ ಕಡ್ಡಾಯ ಮಾಡಿತು. ಆಗ ಊರಿನಲ್ಲಿ ‘ಲೈವ್ ಬ್ಯಾಂಡ್’ ಎಂದರೆ ಬಹುತೇಕರ ಕಣ್ಮುಂದೆ ಬರುತ್ತಿದ್ದುದು ಹೆಣ್ಣುಮಕ್ಕಳು ಹಾಡಿ ಕುಣಿಯುವ ಬಾರುಗಳು; ಆ ವ್ಯವಹಾರದ ಮೇಲೆ ಸರ್ಕಾರದ ಕಣ್ಣಿತ್ತು. ಆದರೆ ಗಿಟಾರು ಹಿಡಿದು ನಿಂತ ನಾಲ್ವರೂ ಅದೇ ಬಲೆಗೆ ಬಿದ್ದರು. 2008ರಲ್ಲಿ ಪೊಲೀಸರ ಬಿಗಿ ಹೆಚ್ಚಾಗಿ ಪಬ್ಬುಗಳಲ್ಲಿ ಲೈವ್ ಸಂಗೀತ ನಿಂತುಹೋದಾಗ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು.

ಅದೇ ವರ್ಷಗಳಲ್ಲಿ ಅರಮನೆ ಮೈದಾನದಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಬೇಕು. 2007ರ ಮಾರ್ಚ್ 17ರಂದು ಐರನ್ ಮೇಡನ್ ಅಲ್ಲಿ ನುಡಿಸಿತು. ದೇಶದ ಮೂಲೆಮೂಲೆಯಿಂದ ರೈಲು ಹತ್ತಿ ಬಂದವರೂ ಸೇರಿ ಹತ್ತಾರು ಸಾವಿರ ಜನ. ಮರುವರ್ಷ ಮೆಗಾಡೆತ್, 2009ರಲ್ಲಿ ಮತ್ತೆ ಮೇಡನ್. 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಎರಡು ದಿನ ಮೊದಲು ಗುರುಗ್ರಾಮದಲ್ಲಿ ಅವರ ಕಾರ್ಯಕ್ರಮ ರದ್ದಾಗಿ ಗಲಾಟೆಯಾಗಿತ್ತು, ಬೆಂಗಳೂರಿನಲ್ಲಿ ಸುಸೂತ್ರವಾಗಿ ನಡೆಯಿತು. ಹತ್ತಾರು ಸಾವಿರ ಜನರ ಮೈದಾನಕ್ಕೆ ಸಿಕ್ಕ ಅನುಮತಿ, ನೂರು ಜನ ನಿಲ್ಲುವ ಬಾರಿಗೆ ಸಿಗುವುದು ಕಷ್ಟವಾಗಿತ್ತು. ಇದು ಅನ್ಯಾಯವೇ. ಮೇಡನ್ನಿನವರಿಗೆ ಅವರ ಊರಿನಲ್ಲಿ ಒಂದು ಪಬ್ಬು ಇಲ್ಲದಿದ್ದರೆ ಅವರು ಅರಮನೆ ಮೈದಾನದ ತನಕ ಬರುತ್ತಲೇ ಇರಲಿಲ್ಲ.

ಆದರೂ ಕೋಣೆಗಳು ಹುಟ್ಟಿಕೊಂಡವು. ಇಂದಿರಾನಗರದಲ್ಲಿ ಕೈರಾ ಮತ್ತು ಬಿಫ್ಲ್ಯಾಟ್, ಕೋರಮಂಗಲದಲ್ಲಿ ಲೆಜೆಂಡ್ಸ್ ಆಫ್ ರಾಕ್, ವೈಟ್‌ಫೀಲ್ಡಿನ ಕೌಂಟರ್‌ಕಲ್ಚರ್. ಸೈಕ್ಲೋಪಿಯನ್ ಐ ಎಂಬ ಊರಿನದೇ ಲೇಬಲ್ಲು ‘ಟ್ರೆಂಡ್‌ಸ್ಲಾಟರ್ ಫೆಸ್ಟ್’ ನಡೆಸಿತು. 2012ರಲ್ಲಿ ಆರಂಭವಾದ ಬೆಂಗಳೂರು ಓಪನ್ ಏರ್ ಉತ್ಸವ ಜರ್ಮನಿಯ ಕ್ರಿಯೇಟರ್ ತಂಡವನ್ನು ಕರೆಸಿತು. ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲೇ ನುಡಿಸಿತು.

ಈ ಸಣ್ಣ ವೇದಿಕೆಗಳಿಂದ ಬಂದ ಅತಿ ದೊಡ್ಡ ಫಲ ಮಾತ್ರ ಬೇರೆ: ಮೆಟಲ್ಲಿಗೆ ಈ ಊರಿನ ಚಹರೆ ಬಂತು. ಬೇವರ್ ಸೀ ಎಂಬ ತಂಡದ ಹೆಸರನ್ನು ಜೋರಾಗಿ ಓದಿದರೆ ಬೆಂಗಳೂರಿನ ಬೀದಿಯ ಬೈಗುಳ ಕೇಳಿಸುತ್ತದೆ. ಅವರ ಮೊದಲ ಆಲ್ಬಂ 2012ರದು. ದ್ವೇಷ ಎಂಬ ತಂಡ ಇನ್ನೂ ಮುಂದೆ ಹೋಗಿ ಡೆತ್ ಮೆಟಲ್ಲನ್ನು ಕನ್ನಡದಲ್ಲೇ ಹಾಡಿತು. 2014ರಲ್ಲಿ ಅವರ ‘ಸ್ತೂಪ’ ಆಲ್ಬಂ ಜರ್ಮನಿಯ ಲೇಬಲ್ಲೊಂದರಿಂದ ಹೊರಬಂತು. ‘ಹೊಯ್, ಸಳ!’ ಎಂಬ ಕೂಗು ಕೇಳಿ ಹುಲಿಯನ್ನು ಹೊಡೆದ ಸಳನ ಕಥೆಯೂ ಅದರಲ್ಲಿದೆ. ಬೇಲೂರಿನ ಗುಡಿಯ ಮುಂದೆ ಹುಲಿಯ ಮೇಲೆ ಬೀಳುವ ಸಳನನ್ನು ಕಲ್ಲಿನಲ್ಲಿ ನೋಡಿದವರಿಗೆ, ಆ ಕೂಗನ್ನು ಹೊಟ್ಟೆಯಾಳದಿಂದ ಗುರುಗುಟ್ಟುವ ‘ಗ್ರೌಲ್’ ದನಿಯಲ್ಲಿ ಕೇಳುವುದು ಸಹಜವೆನಿಸುತ್ತದೆ. ಯಕ್ಷಗಾನದ ರಕ್ಕಸ ಪಾತ್ರದ ಆರ್ಭಟ ಕೇಳಿ ಬೆಳೆದ ನಾಡಿಗೆ ಈ ದನಿ ಪರಕೀಯವೇನಲ್ಲ.

2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 2005ರ ಆದೇಶವನ್ನು ಎತ್ತಿಹಿಡಿಯಿತು. ಪೊಲೀಸರು ನೂರಾರು ಬಾರು, ಪಬ್ಬುಗಳಿಗೆ ನೋಟಿಸು ಕೊಟ್ಟರು. ಪರವಾನಗಿಗೆ ಕಟ್ಟಡದ ಸ್ವಾಧೀನಾನುಭವ ಪತ್ರ ಬೇಕು. ಊರಿನ ಎಷ್ಟೋ ಕಟ್ಟಡಗಳಿಗೆ ಅದು ಇಲ್ಲವೇ ಇಲ್ಲ. ಅಕ್ಕಪಕ್ಕದ ನಿವಾಸಿಗಳ ನಿದ್ದೆಯ ಪ್ರಶ್ನೆ ನಿಜವಾದದ್ದೇ, ಅದಕ್ಕೆ ಶಬ್ದ ತಡೆಯುವ ಗೋಡೆ ಮತ್ತು ಸಮಯದ ಮಿತಿ ಉತ್ತರ. ಕಾಗದದ ಕೊರತೆಗೆ ಸಂಗೀತವನ್ನು ಹೊಣೆ ಮಾಡುವುದು ಉತ್ತರವಲ್ಲ. 2019ರಲ್ಲಿ ಇಂದಿರಾನಗರದ ಹಮ್ಮಿಂಗ್ ಟ್ರೀ ಎಂಬ ಲೈವ್ ಸಂಗೀತದ ತಾಣ ಮುಚ್ಚಿತು. ಕ್ರಿಪ್ಟೋಸ್ ಮಾತ್ರ ಅದೇ ವರ್ಷ ಒಂದು ಆಲ್ಬಂ ತಂದಿತು, 2021ರಲ್ಲಿ ಇನ್ನೊಂದು, 2024ರಲ್ಲಿ ಮತ್ತೊಂದು.