ಎಳೆಯುವ ಲಘು ಟ್ರಕ್ಕಿನ ಗೇರ್ ಅನುಪಾತ

ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿದರೆ ಹಿಂದಿನ ಚಕ್ರ ಒಂದು ಸುತ್ತು ಬರುತ್ತದೆ ಎಂಬ ಲೆಕ್ಕವೇ ಹಿಂದಿನ ಆಕ್ಸಲ್ಲಿನ ಗೇರ್ ಅನುಪಾತ. ಆಕ್ಸಲ್ಲಿನ ನಡುವಿನ ಗುಂಡನೆಯ ಹೌಸಿಂಗಿನಲ್ಲಿ ಒಂದು ದೊಡ್ಡ ಹಲ್ಲುಚಕ್ರವೂ ಅದಕ್ಕೆ ಕಚ್ಚಿಕೊಂಡ ಒಂದು ಸಣ್ಣ ಹಲ್ಲುಚಕ್ರವೂ ಇರುತ್ತವೆ. ನಮ್ಮ ಗ್ಯಾರೇಜುಗಳಲ್ಲಿ ಈ ಜೋಡಿಗೆ ಕ್ರೌನ್-ಪಿನಿಯನ್ ಎನ್ನುತ್ತಾರೆ. ಕ್ರೌನಿಗೆ 41, ಪಿನಿಯನ್ನಿಗೆ 11 ಹಲ್ಲು ಇದ್ದರೆ ಅನುಪಾತ 3.73, ಪಿನಿಯನ್ನಿಗೆ 10 ಹಲ್ಲಾದರೆ 4.10. ಸಂಖ್ಯೆ ದೊಡ್ಡದಾದಷ್ಟೂ ಚಕ್ರಕ್ಕೆ ಎಳೆಯುವ ಬಲ ಹೆಚ್ಚು, ಅದೇ ವೇಗಕ್ಕೆ ಎಂಜಿನ್ ತಿರುಗಬೇಕಾದ ಸುತ್ತೂ ಹೆಚ್ಚು.

ಅಮೆರಿಕದಲ್ಲಿ ಹೊರೆಯೂ ಸೇರಿ 10,000 ಪೌಂಡ್, ಎಂದರೆ ಸುಮಾರು 4,536 ಕೆ.ಜಿ. ಮೀರದ ಟ್ರಕ್ಕುಗಳು ಲಘು ವರ್ಗದವು. ಕೆಟ್ಟುನಿಂತ ಕಾರನ್ನೋ ದೋಣಿಯ ಟ್ರೇಲರನ್ನೋ ಎಳೆಯಲು ಅಲ್ಲಿ ಅನೇಕರು ಸೆಕೆಂಡ್ ಹ್ಯಾಂಡ್ ಪಿಕಪ್ಪುಗಳನ್ನು ಬಳಸುತ್ತಾರೆ. 1988ರಿಂದ 1998ರವರೆಗಿನ ಪೀಳಿಗೆಯ ಷೆವ್ರೊಲೆ ಸಿ1500 ಇದಕ್ಕೆ ಒಳ್ಳೆಯ ಉದಾಹರಣೆ. ಇದು 3.08, 3.42, 3.73 ಮುಂತಾದ ಅನುಪಾತಗಳಲ್ಲಿ ಮಾರಾಟವಾಯಿತು. 3.08 ಪೆಟ್ರೋಲ್ ಉಳಿಸುವ ಗೇರ್. ಖಾಲಿ ಗಾಡಿಗೆ ಹಿತ, ಹಿಂದೆ ಹೊರೆ ಕಟ್ಟಿದರೆ ಏರಿನಲ್ಲಿ ಏದುಸಿರು.

ಲೆಕ್ಕ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ. ಈ ಗಾಡಿಗೆ ಹಾಕುತ್ತಿದ್ದ 235/75ಆರ್15 ಟೈರಿನ ವ್ಯಾಸ ಸುಮಾರು 734 ಮಿ.ಮೀ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 650 ಸುತ್ತು ತಿರುಗುತ್ತದೆ. ಆಟೋಮ್ಯಾಟಿಕ್ಕಿನ ನೇರ ಗೇರಾದ, ಎಂದರೆ ಎಂಜಿನ್ನಿನಷ್ಟೇ ಶಾಫ್ಟೂ ತಿರುಗುವ ಮೂರನೆಯದರಲ್ಲಿ, 3.08 ಇದ್ದರೆ ಎಂಜಿನ್ ಸುಮಾರು 2,000 ಸುತ್ತು, 3.73 ಇದ್ದರೆ 2,425. 1996ರಲ್ಲಿ ಬಂದ 5.7 ಲೀಟರಿನ ವೋರ್ಟೆಕ್ ಎಂಜಿನ್ ತನ್ನ ಗರಿಷ್ಠ ಟಾರ್ಕ್ ಕೊಡುವುದು 2,800 ಸುತ್ತಿನಲ್ಲಿ. 3.73 ಗೇರ್ ಎಂಜಿನ್ನನ್ನು ಆ ಹದದ ಹತ್ತಿರ ತರುತ್ತದೆ, ಚಕ್ರದ ಬಲವನ್ನೂ ಶೇ. 21ರಷ್ಟು ಏರಿಸುತ್ತದೆ.

ಗೇರ್ ಬದಲಿಸಲು ದುಡ್ಡು ಬಿಚ್ಚುವ ಮೊದಲು ಗಾಡಿಯಲ್ಲಿ ಈಗ ಯಾವ ಗೇರಿದೆ ಎಂದು ನೋಡಬೇಕು. ಗ್ಲೌವ್ ಬಾಕ್ಸಿನ ಚೀಟಿಯಲ್ಲಿ ಜಿಯು4 ಎಂದಿದ್ದರೆ 3.08, ಜಿಯು6 ಎಂದಿದ್ದರೆ 3.42, ಜಿಟಿ4 ಎಂದಿದ್ದರೆ 3.73. ಹಿಂದಿನ ಮಾಲೀಕರು ಆಕ್ಸಲ್ ಬದಲಿಸಿರಬಹುದಾದ್ದರಿಂದ ಚೀಟಿಯೊಂದನ್ನೇ ನಂಬಬಾರದು. ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಗೇರ್ ನ್ಯೂಟ್ರಲ್ಲಿಗೆ ತಂದು, ಹಿಂದಿನ ಒಂದು ಚಕ್ರವನ್ನಷ್ಟೇ ಜ್ಯಾಕಿನಿಂದ ಎತ್ತಿ ಸ್ಟ್ಯಾಂಡ್ ಕೊಡಬೇಕು. ಟೈರಿಗೂ ಶಾಫ್ಟಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿ ಆ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಶಾಫ್ಟ್ ಮೂರು ಸುತ್ತಿಗಿಂತ ತುಸು ಹೆಚ್ಚು ತಿರುಗಿದರೆ 3.08, ಮೂರೂಮುಕ್ಕಾಲಿಗೆ ಕೂದಲೆಳೆಯಷ್ಟು ಕಡಿಮೆಯಾದರೆ 3.73. ಈ ಎಣಿಕೆ ಸಾಮಾನ್ಯ ಡಿಫರೆನ್ಷಿಯಲ್ಲಿಗೆ ಮಾತ್ರ ಹೊಂದುತ್ತದೆ. ಎರಡೂ ಚಕ್ರವನ್ನು ಜೊತೆಗೇ ತಿರುಗಿಸಲು ನೋಡುವ ಲಿಮಿಟೆಡ್ ಸ್ಲಿಪ್ ಇದ್ದಲ್ಲಿ ಎರಡೂ ಚಕ್ರ ಎತ್ತಿ ಒಂದೇ ಸುತ್ತು ತಿರುಗಿಸಬೇಕು.

ಖರ್ಚಿಲ್ಲದ ಉಪಾಯವೂ ಒಂದಿದೆ. ಈ ಗಾಡಿಯ ನಾಲ್ಕು ಗೇರಿನ ಆಟೋಮ್ಯಾಟಿಕ್ಕಿನಲ್ಲಿ ಕೊನೆಯ ಗೇರ್ 0.70ರ ಓವರ್‌ಡ್ರೈವ್, ಎಂದರೆ ಎಂಜಿನ್ನಿಗಿಂತ ಶಾಫ್ಟ್ ವೇಗವಾಗಿ ತಿರುಗುವಂಥದ್ದು. ಹೊರೆ ಇದ್ದಾಗ ಲಿವರನ್ನು ಮೂರರಲ್ಲೇ ಇಟ್ಟರೆ ಮೂರಕ್ಕೂ ನಾಲ್ಕಕ್ಕೂ ಪದೇ ಪದೇ ಜಿಗಿದು ಗೇರ್‌ಬಾಕ್ಸ್ ಕಾಯುವುದು ತಪ್ಪುತ್ತದೆ. ಅಂದಕ್ಕೆಂದು ದೊಡ್ಡ ಟೈರ್ ಹಾಕಿಕೊಂಡವರು ಮೂಲ ಅಳತೆಗೆ ಮರಳಿದರೂ ಲಾಭವಿದೆ: 774 ಮಿ.ಮೀ. ಟೈರಿನಿಂದ 734ಕ್ಕೆ ಇಳಿದರೆ 3.42ರ ಗೇರ್ 3.6ರಂತೆ ಎಳೆಯುತ್ತದೆ. ಆದರೆ ಹೊಸ ಟೈರ್ ಹೊರೆ ತಾಳುವಂಥದ್ದಾಗಿರಲೇಬೇಕು.

ಇದಕ್ಕೂ ಮೇಲೆ ಬೇಕೆಂದರೆ ಕ್ರೌನ್-ಪಿನಿಯನ್ ಬದಲಿಸಬೇಕು. ಸಿ1500ರ ಹತ್ತು ಬೋಲ್ಟಿನ, 8.5 ಇಂಚಿನ ಆಕ್ಸಲ್ಲಿನಲ್ಲಿ 2.73ರಿಂದ ಮೇಲಿನ ಎಲ್ಲ ಅನುಪಾತಕ್ಕೂ ಒಂದೇ ಬಗೆಯ ಕ್ಯಾರಿಯರ್ (ಕ್ರೌನನ್ನು ಹೊತ್ತ ಗೂಡು) ಸಾಕು, 3.08 ಬಿಚ್ಚಿ 3.73 ಕೂರಿಸಲು ಹೊಸ ಕ್ಯಾರಿಯರ್ ಬೇಡ. ಇಲ್ಲಿ ಜೇಬಿಗೆ ಹೊರೆಯಾಗುವುದು ಬಿಡಿಭಾಗಕ್ಕಿಂತ ಹೆಚ್ಚಾಗಿ ಕೈಕೆಲಸ. ಪಿನಿಯನ್ ಎಷ್ಟು ಒಳಗೆ ಕೂರಬೇಕು, ಬೇರಿಂಗ್ ಎಷ್ಟು ಬಿಗಿಯಾಗಬೇಕು ಎಂಬುದನ್ನು ಶಿಮ್ ಎಂಬ ತೆಳು ಬಿಲ್ಲೆ ಹಾಕಿ ತೆಗೆದು ಹೊಂದಿಸಬೇಕು. ಹಲ್ಲುಗಳ ನಡುವೆ ಬಿಡುವ ಪ್ಲೇ ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿದಾಗ ಅಚ್ಚು ಹಲ್ಲಿನ ನಡುವೆ ಬೀಳಬೇಕು. ಅಂಚಿಗೆ ಸರಿದಿದ್ದರೆ ಮತ್ತೆ ಬಿಚ್ಚಬೇಕು. ಅವಸರದಲ್ಲಿ ಕೂರಿಸಿದ ಗೇರ್ ಓಡುವಾಗ ಊಳಿಡುತ್ತದೆ, ಬೇಗನೆ ಸವೆಯುತ್ತದೆ.

ಆದ್ದರಿಂದ ಕೈಯಲ್ಲಿ ಹೆಚ್ಚು ದುಡ್ಡಿಲ್ಲದವರಿಗೆ ಗುಜರಿಯಿಂದ ಇಡೀ ಆಕ್ಸಲ್ ತರುವುದೇ ಸರಿ. ಅದರ ಗೇರ್ ಕಾರ್ಖಾನೆಯಲ್ಲೇ ಹದವಾಗಿ ಕೂತಿರುತ್ತದೆ. ಕವರ್ ಬಿಚ್ಚಿ, ಹಲ್ಲುಗಳಲ್ಲಿ ಕುಳಿ ಬಿದ್ದಿಲ್ಲ, ಎಣ್ಣೆಯಲ್ಲಿ ಕಬ್ಬಿಣದ ಚೂರಿಲ್ಲ ಎಂದು ಕಣ್ಣಾರೆ ನೋಡಿಯೇ ಕೊಳ್ಳಬೇಕು. ಎರಡು ಚಕ್ರದ ಚಾಲನೆಯ ಸಿ1500ರ ಚಕ್ರಕ್ಕೆ ಐದು ಬೋಲ್ಟು, ನಾಲ್ಕು ಚಕ್ರದ ಚಾಲನೆಯ ಕೆ1500ಕ್ಕೆ ಆರು. ಬೋಲ್ಟು, ಬ್ರೇಕ್ ಡ್ರಮ್ಮಿನ ಅಳತೆ, ಲೀಫ್ ಸ್ಪ್ರಿಂಗ್ ಕೂರುವ ಜಾಗ, ಶಾಫ್ಟಿನ ಕ್ರಾಸ್ ಜಾಯಿಂಟ್ ಇಷ್ಟೂ ಹೊಂದಿದರೆ ಕೆಲಸ ಸುಲಭ. ನಾಲ್ಕು ಚಕ್ರದ ಚಾಲನೆಯ ಗಾಡಿಯಲ್ಲಿ ಮುಂದಿನ ಆಕ್ಸಲ್ಲಿಗೂ ಅದೇ ಅನುಪಾತ ಬೇಕು, ಖರ್ಚೂ ಇಮ್ಮಡಿ. ಅಲ್ಲಿ ಈ ಕೆಲಸವನ್ನು ಅಗ್ಗ ಎನ್ನಲಾಗದು.

ಈ ಗಾಡಿಯ ವೇಗದ ಸೆನ್ಸರ್ ಇರುವುದು ಗೇರ್‌ಬಾಕ್ಸಿನ ಬಾಲದಲ್ಲಿ, ಆಕ್ಸಲ್ಲಿಗಿಂತ ಮುಂಚೆ. ಹಾಗಾಗಿ 3.08ರಿಂದ 3.73ಕ್ಕೆ ಬಂದ ಗಾಡಿ ನಿಜವಾಗಿ 100ರಲ್ಲಿ ಓಡುತ್ತಿದ್ದರೆ ಮೀಟರ್ 121 ತೋರಿಸುತ್ತದೆ. ಆಟೋಮ್ಯಾಟಿಕ್ ಗೇರ್ ಬದಲಾಗುವ ಹೊತ್ತೂ ತಪ್ಪುತ್ತದೆ. ಮೀಟರನ್ನೂ ಕಂಪ್ಯೂಟರನ್ನೂ ಹೊಸ ಅನುಪಾತಕ್ಕೆ ಹೊಂದಿಸಬೇಕು. ಹೊಸ ಗೇರ್ ಜೋಡಿ ಹಾಕಿದ್ದರೆ ಮೊದಲ 800 ಕಿ.ಮೀ. ಹೊರೆ ಎಳೆಯದೆ ಓಡಿಸಿ, ಗೇರ್ ಆಯಿಲ್ ಬದಲಿಸುವುದು ರೂಢಿ.

ಗೇರ್ ಬದಲಾಯಿತೆಂದು ಬ್ರೇಕು, ಚಾಸಿ, ರೇಡಿಯೇಟರು ಬಲಗೊಳ್ಳುವುದಿಲ್ಲ. ಚಾಲಕನ ಬಾಗಿಲ ಬಳಿ ಕಂಪನಿ ಅಂಟಿಸಿದ ಚೀಟಿಯಲ್ಲಿರುವ ತೂಕದ ಮಿತಿ 3.08 ಇದ್ದಾಗ ಎಷ್ಟಿತ್ತೋ 3.73 ಹಾಕಿದ ಮೇಲೂ ಅಷ್ಟೇ.